7 ಮೆಗಾಹರ್ಟ್ಸ್ ಮ್ಯಾಗ್ನೆಟಿಕ್ ಲೂಪ್: ಎಸ್‌ಡಬ್ಲ್ಯೂಆರ್ 1.2 ಇದೆ, ಆದರೂ ನನ್ನ ಸಿಗ್ನಲ್ ಯಾರಿಗೂ ಕೇಳಿಸುತ್ತಿಲ್ಲ

ಬಾಲ್ಕನಿ_ತರಂಗ, ಬೆಂಗಳೂರು
ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೊ ನನ್ನ ಹವ್ಯಾಸ. ಅಪಾರ್ಟ್‌ಮೆಂಟ್‌ನ ಮೂರನೇ ಮಹಡಿಯಲ್ಲಿದ್ದೇನೆ. ಟೆರೇಸ್ ಮೇಲೆ ಡೈಪೋಲ್ (ಉದ್ದ ತಂತಿಯ ಆಂಟೆನಾ) ಕಟ್ಟಲು ಅನುಮತಿ ಸಿಗಲಿಲ್ಲ, ಅದಕ್ಕೆ ಬಾಲ್ಕನಿಯಲ್ಲೇ ನಿಲ್ಲಿಸುವ ಹಾಗೆ ಒಂದು ಮ್ಯಾಗ್ನೆಟಿಕ್ ಲೂಪ್, ಅಂದ್ರೆ ಬಳೆಯಾಕಾರದ ಸಣ್ಣ ಆಂಟೆನಾ ಮಾಡಿದೆ. 1 ಮೀಟರ್ ವ್ಯಾಸ, ಎಸಿ ಫಿಟಿಂಗ್‌ಗೆ ಬಳಸುವ 5/8 ಇಂಚಿನ ತಾಮ್ರದ ಪೈಪು. ಮೇಲ್ಗಡೆ ಪಾಕೆಟ್ ರೇಡಿಯೊದಲ್ಲಿ ಬರುತ್ತದಲ್ಲ, ಆ ಪ್ಲಾಸ್ಟಿಕ್ ಗ್ಯಾಂಗ್ (ಸ್ಟೇಷನ್ ಹಿಡಿಯಲು ತಿರುಗಿಸುವ ಕೆಪಾಸಿಟರ್). ಕೆಳಗಡೆ 20 ಸೆಂಟಿಮೀಟರ್‌ನ ಕಪ್ಲಿಂಗ್ ಲೂಪ್ (ರೇಡಿಯೊದ ಪವರನ್ನು ದೊಡ್ಡ ಲೂಪ್‌ಗೆ ದಾಟಿಸುವ ಸಣ್ಣ ರಿಂಗು), ಅಂದ್ರೆ ಎಲ್ಲರೂ ಹೇಳುವ ಹಾಗೆ ದೊಡ್ಡದರ ಐದನೇ ಒಂದು ಭಾಗದ ಲೆಕ್ಕ. ರಿಗ್ (ರೇಡಿಯೊ ಸೆಟ್) ಮೈಕ್ರೋಬಿಟ್‌ಎಕ್ಸ್, 5 ವ್ಯಾಟ್‌ಗೆ ಇಳಿಸಿ ಸಿಡಬ್ಲ್ಯೂ (ಮೋರ್ಸ್ ಕೋಡ್) ಹೊಡೆಯುತ್ತೇನೆ.

ನ್ಯಾನೊವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಹಾಕಿ ನೋಡಿದರೆ 7.030 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯೂಆರ್ 1.2, ಅಂದ್ರೆ ಪವರ್ ಬಹುತೇಕ ವಾಪಸ್ ಬರುತ್ತಿಲ್ಲ. ಬ್ಯಾಂಡ್‌ವಿಡ್ತ್ ಕೂಡ ಧಾರಾಳವಾಗಿದೆ, ಹತ್ತು ಕಿಲೋಹರ್ಟ್ಸ್ ಆಚೀಚೆ ಹೋದರೂ ಮತ್ತೆ ಟ್ಯೂನ್ ಮಾಡಬೇಕಾಗಿಲ್ಲ. ಲೂಪ್ ಅಂದ್ರೆ ಕೂದಲೆಳೆಯಷ್ಟು ಕಿರಿದು ಅಂತ ಓದಿದ್ದೆ, ನನ್ನದು ಅಷ್ಟು ಕಷ್ಟ ಕೊಡುತ್ತಿಲ್ಲ. ಆದ್ರೆ ಸಿಕ್ಯೂ (ಯಾರಾದರೂ ಉತ್ತರಿಸಿ ಅನ್ನುವ ಕರೆ) ಕರೆದರೆ ಉತ್ತರವೇ ಇಲ್ಲ. ರಿವರ್ಸ್ ಬೀಕನ್ ನೆಟ್‌ವರ್ಕ್‌ನಲ್ಲಿ ಒಂದು ಸ್ಕಿಮ್ಮರ್ (ಮೋರ್ಸ್ ಕೇಳಿ ತಾನಾಗಿ ಆನ್‌ಲೈನ್‌ಗೆ ವರದಿ ಹಾಕುವ ರಿಸೀವರ್) ಕೂಡ ನನ್ನ ಕಾಲ್‌ಸೈನ್ ಹಿಡಿದಿಲ್ಲ. ರಿಸೀವ್‌ನಲ್ಲಿ ಮಾತ್ರ ಚೆನ್ನೈ, ಹೈದರಾಬಾದ್ ಎಲ್ಲ ಆರಾಮಾಗಿ ಕೇಳಿಸುತ್ತವೆ. ಎಲ್ಲಿ ನೋಡಲಿ?


ಹೊಸಬ_ತುಮಕೂರು
ಶನಿವಾರ ರಾತ್ರಿ 10:05

ನಾನಿನ್ನೂ ಹ್ಯಾಮ್ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದೇನೆ, ಸುಮ್ನೆ ಕುತೂಹಲಕ್ಕೆ ಕೇಳುತ್ತೇನೆ. ಲೂಪ್‌ನ ಕೆಪಾಸಿಟರ್ ಮೇಲೆ ಸಾವಿರ ವೋಲ್ಟ್ ಬರುತ್ತದೆ, ಕಿಡಿ ಹಾರುತ್ತದೆ ಅಂತಾರೆ. ನಿಮ್ಮ ಪ್ಲಾಸ್ಟಿಕ್ ಗ್ಯಾಂಗ್‌ಗೆ ಏನೂ ಆಗಲಿಲ್ವಾ?


ಬಾಲ್ಕನಿ_ತರಂಗ
ಶನಿವಾರ ರಾತ್ರಿ 10:12

ಏನೂ ಆಗಿಲ್ಲ. 5 ವ್ಯಾಟ್‌ನಲ್ಲಿ ಎಷ್ಟು ಹೊತ್ತು ಕೀ ಒತ್ತಿದರೂ ಕಿಡಿ ಹಾರಿಲ್ಲ.


ಮಲೆನಾಡ_ಮೋರ್ಸ್, ತೀರ್ಥಹಳ್ಳಿ ಕಡೆ
ಭಾನುವಾರ ಬೆಳಿಗ್ಗೆ 6:50

ತುಮಕೂರಿನವರು ಕೇಳಿದ್ದು ಈ ಥ್ರೆಡ್‌ನ ಅತಿ ಒಳ್ಳೆಯ ಪ್ರಶ್ನೆ. ಉತ್ತರವೂ ಅದರಲ್ಲೇ ಇದೆ. ಕಿಡಿ ಹಾರಲಿಲ್ಲ ಅಂದ್ರೆ ಅಲ್ಲಿ ವೋಲ್ಟೇಜ್ ಏರಬೇಕಾದಷ್ಟು ಏರಿಲ್ಲ. ವೋಲ್ಟೇಜ್ ಏರಿಲ್ಲ ಅಂದ್ರೆ ಪೈಪಿನಲ್ಲಿ ಕರೆಂಟ್ ಸಾಕಷ್ಟಿಲ್ಲ. ಲೂಪ್‌ನಿಂದ ಹೊರಗೆ ಹೋಗುವುದು ಆ ಕರೆಂಟಿನಿಂದಲೇ, ಬೇರೆ ಯಾವುದರಿಂದಲೂ ಅಲ್ಲ.

ಬಾಲ್ಕನಿಯವರೇ, ನೀವು ಯಾವುದನ್ನು ಒಳ್ಳೆಯ ಗುಣ ಅಂದುಕೊಂಡಿದ್ದೀರೋ ಅದೇ ರೋಗದ ಲಕ್ಷಣ. 1 ಮೀಟರ್ ಲೂಪ್ 40 ಮೀಟರ್ (ಅಂದ್ರೆ 7 ಮೆಗಾಹರ್ಟ್ಸ್) ಬ್ಯಾಂಡ್‌ನಲ್ಲಿ ಹತ್ತು ಕಿಲೋಹರ್ಟ್ಸ್ ಆಚೀಚೆ ಹೋದರೂ ಸುಮ್ಮನಿರುತ್ತದೆ ಅಂದ್ರೆ ನಿಮ್ಮ ಪವರ್ ಬಹುಪಾಲು ಎಲ್ಲೋ ಬಿಸಿಯಾಗಿ ಹೋಗುತ್ತಿದೆ. ಎಸ್‌ಡಬ್ಲ್ಯೂಆರ್ ಮೀಟರ್‌ಗೆ ಇದು ತಿಳಿಯುವುದಿಲ್ಲ. ಪವರ್ ವಾಪಸ್ ಬಂತಾ ಇಲ್ವಾ ಅಂತ ಮಾತ್ರ ಅದು ಹೇಳುತ್ತದೆ. ಗಾಳಿಗೆ ಹೋಯಿತೋ, ಸಡಿಲ ಬೋಲ್ಟಿನಲ್ಲಿ ಸುಟ್ಟುಹೋಯಿತೋ, ಅದಕ್ಕೆ ಎರಡೂ ಒಂದೇ. 50 ಓಮ್ ಡಮ್ಮಿ ಲೋಡ್‌ಗೂ (ಪವರನ್ನೆಲ್ಲ ಬಿಸಿಯಾಗಿ ಮುಗಿಸುವ ರೆಸಿಸ್ಟರ್) 1:1 ಬರುತ್ತದಲ್ವಾ?

ಲೂಪ್ ಟ್ಯೂನಿಂಗ್ ಅಂದ್ರೆ ಒಂದು ಕೆಲಸ ಅಲ್ಲ, ಎರಡು. ಗ್ಯಾಂಗ್ ತಿರುಗಿಸಿ ಫ್ರೀಕ್ವೆನ್ಸಿಗೆ ಕೂರಿಸುವುದು ಒಂದು. ಕಪ್ಲಿಂಗ್ ಲೂಪ್ ಹೊಂದಿಸಿ 50 ಓಮ್ ತರುವುದು ಇನ್ನೊಂದು. ಈ ಎರಡೂ ಮುಗಿದ ಮೇಲೂ ಲೂಪ್ ಚೆನ್ನಾಗಿದೆಯಾ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಅಗಲ ಅಳೆಯಬೇಕು. ಮೊದಲು ಮ್ಯಾಚ್ ಆದಷ್ಟೂ 1:1ಕ್ಕೆ ತನ್ನಿ. ಆಮೇಲೆ ಎಸ್‌ಡಬ್ಲ್ಯೂಆರ್ 2.6 ಆಗುವ ಜಾಗ ಎಡಕ್ಕೊಂದು ಬಲಕ್ಕೊಂದು ಸಿಗುತ್ತದೆ. ಅವೆರಡರ ನಡುವಿನ ಅಂತರ ಎಷ್ಟು ಕಿಲೋಹರ್ಟ್ಸ್ ಅಂತ ಬರೆದು ಹಾಕಿ. ಅದೊಂದು ಸಂಖ್ಯೆ ಸಾಕು.


ಬಾಲ್ಕನಿ_ತರಂಗ
ಭಾನುವಾರ ಬೆಳಿಗ್ಗೆ 9:15

ಅಳೆದೆ. 30 ಕಿಲೋಹರ್ಟ್ಸ್ ಬಂತು.


ಲ್ಯಾಬ್_ಮೇಷ್ಟ್ರು, ಹುಬ್ಬಳ್ಳಿ
ಭಾನುವಾರ ಬೆಳಿಗ್ಗೆ 10:30

ಹಾಗಾದ್ರೆ ಲೆಕ್ಕ ಹಾಕೋಣ, ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಮ್ಯಾಚ್ ಆದ ಲೂಪ್‌ನಲ್ಲಿ ಎಸ್‌ಡಬ್ಲ್ಯೂಆರ್ 2.6ರ ಅಗಲದಿಂದ ಫ್ರೀಕ್ವೆನ್ಸಿಯನ್ನು ಭಾಗಿಸಿದರೆ ಲೂಪ್‌ನ ಸ್ವಂತ ಕ್ಯೂ (ನಷ್ಟ ಕಡಿಮೆ ಇದ್ದಷ್ಟೂ ಏರುವ ಸಂಖ್ಯೆ) ನೇರವಾಗಿ ಸಿಗುತ್ತದೆ. 7030 ಭಾಗಿಸು 30, ಸುಮಾರು 234. ನಿಮ್ಮ ಪೈಪಿನ ಇಂಡಕ್ಟೆನ್ಸ್ ಸುಮಾರು 2.7 ಮೈಕ್ರೋಹೆನ್ರಿ, 7 ಮೆಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ 119 ಓಮ್ ಹತ್ತಿರ. 119ನ್ನು 234ರಿಂದ ಭಾಗಿಸಿ. ಲೂಪ್‌ನಲ್ಲಿರುವ ಒಟ್ಟು ರೆಸಿಸ್ಟೆನ್ಸ್ ಅರ್ಧ ಓಮ್ ಅಂತಾಯಿತು.

ಅರ್ಧ ಓಮ್ ಅಂದ್ರೆ ಏನು ಮಹಾ ಅನ್ನಿಸಬಹುದು. ಆದ್ರೆ ಈ ಲೂಪ್‌ನ ರೇಡಿಯೇಶನ್ ರೆಸಿಸ್ಟೆನ್ಸ್ ಎಷ್ಟು ಗೊತ್ತಾ? ಸುತ್ತಳತೆಯನ್ನು ವೇವ್‌ಲೆಂತ್‌ನಿಂದ ಭಾಗಿಸಿ, ಅದರ ನಾಲ್ಕನೇ ಘಾತ ತೆಗೆದು 197ರಿಂದ ಗುಣಿಸಬೇಕು. 3.14 ಮೀಟರ್ ಸುತ್ತಳತೆಗೆ 40 ಮೀಟರ್ ಬ್ಯಾಂಡ್‌ನಲ್ಲಿ ಸಿಗುವುದು 0.006 ಓಮ್. ಗಾಳಿಗೆ ಹೋಗುವ ಪವರ್ ಈ 0.006ರ ಪಾಲಿಗೆ ಬಂದದ್ದು ಮಾತ್ರ. ಅರ್ಧ ಓಮ್‌ನಲ್ಲಿ ಅದು ಶೇಕಡಾ 1ರ ಆಸುಪಾಸು. ಅಂದ್ರೆ 5 ವ್ಯಾಟ್ ಕೊಟ್ಟರೆ ಹೊರಗೆ ಹೋಗುತ್ತಿರುವುದು 60 ಮಿಲಿವ್ಯಾಟ್‌ಗಿಂತ ಕಡಿಮೆ. ಸ್ಕಿಮ್ಮರ್ ಹಿಡಿಯದೇ ಇದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಪೈಪಿನದ್ದೇನೂ ದೋಷವಿಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಸ್ಕಿನ್ ಎಫೆಕ್ಟ್ ಸೇರಿಸಿಯೂ ಅದರ ರೆಸಿಸ್ಟೆನ್ಸ್ 0.046 ಓಮ್ ಅಷ್ಟೇ. ಉಳಿದ 0.45 ಓಮ್ ಎಲ್ಲಿಂದ ಬಂತು ಅಂತ ಹುಡುಕಬೇಕು. ಗ್ಯಾಂಗ್‌ಗೆ ಪೈಪನ್ನು ಹೇಗೆ ಜೋಡಿಸಿದ್ದೀರಿ? ಬಾಲ್ಕನಿಯಲ್ಲಿ ಲೂಪ್ ಎಲ್ಲಿದೆ?


ಬಾಲ್ಕನಿ_ತರಂಗ
ಭಾನುವಾರ ಬೆಳಿಗ್ಗೆ 11:20

ಪೈಪಿನ ಎರಡೂ ತುದಿ ಚಪ್ಪಟೆ ಮಾಡಿ, ತೂತು ಕೊರೆದು, ಲಗ್ ಇಟ್ಟು ಸ್ಟೀಲ್ ಬೋಲ್ಟ್ ಬಿಗಿದಿದ್ದೇನೆ. ಅಲ್ಲಿಂದ ಗ್ಯಾಂಗ್‌ಗೆ ಸಾಮಾನ್ಯ ಹುಕ್‌ಅಪ್ ವೈರ್, ಒಂದೊಂದು ಕಡೆ 10 ಸೆಂಟಿಮೀಟರ್ ಇರಬಹುದು. ಲೂಪ್ ನಿಂತಿರುವುದು ಗ್ರಿಲ್‌ಗೆ ಒರಗಿದ ಹಾಗೆ, ಒಂದು ಅಡಿ ಅಂತರದಲ್ಲಿ, ಗ್ರಿಲ್‌ಗೆ ಸಮಾನಾಂತರವಾಗಿ.


ಲ್ಯಾಬ್_ಮೇಷ್ಟ್ರು
ಭಾನುವಾರ ಬೆಳಿಗ್ಗೆ 11:45

ಆ ವೈರ್ ನೋಡಿ ಮೊದಲು. 0.8 ಮಿಲಿಮೀಟರ್ ದಪ್ಪದ ತಂತಿ, ಎರಡೂ ಕಡೆ ಸೇರಿ 20 ಸೆಂಟಿಮೀಟರ್. ಆರ್‌ಎಫ್ ಕರೆಂಟ್ ಹರಿಯುವುದು ತಂತಿಯ ಮೇಲ್ಮೈಯಲ್ಲಿ ಮಾತ್ರ, 7 ಮೆಗಾಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್‌ನ ನಲವತ್ತನೇ ಒಂದು ಭಾಗದಷ್ಟು ಆಳಕ್ಕೆ. ತಂತಿ ಸಣ್ಣದಾದರೆ ಮೇಲ್ಮೈಯೂ ಸಣ್ಣದು. ಆ ಗೇಣುದ್ದದ ವೈರಿನ ರೆಸಿಸ್ಟೆನ್ಸ್ 0.055 ಓಮ್ ಬರುತ್ತದೆ. ನಿಮ್ಮ ಮೂರು ಮೀಟರ್ ಪೈಪಿಗಿಂತ ಜಾಸ್ತಿ! ಲಗ್ ಮತ್ತು ಬೋಲ್ಟ್ ಅದರ ಮೇಲೆ. ಪ್ಲಾಸ್ಟಿಕ್ ಗ್ಯಾಂಗ್‌ನ ಒಳಗಿನ ಕಾಂಟ್ಯಾಕ್ಟ್ ಮತ್ತು ಫಿಲ್ಮ್‌ನ ನಷ್ಟ ಇನ್ನೂ ದೊಡ್ಡದು.

ಡೈಪೋಲ್‌ನಲ್ಲಿ 0.05 ಓಮ್ ಎಲ್ಲಿ ಹೋದರೂ ಯಾರೂ ಕೇಳುವುದಿಲ್ಲ, ಅದರ ರೇಡಿಯೇಶನ್ ರೆಸಿಸ್ಟೆನ್ಸೇ 50 ರಿಂದ 70 ಓಮ್. ಲೂಪ್‌ನಲ್ಲಿ ಪ್ರತಿ ಮಿಲಿಓಮ್‌ಗೂ ಲೆಕ್ಕ ಇದೆ. ಇದನ್ನು ಮನಸ್ಸಿಗೆ ತಂದುಕೊಳ್ಳದೆ ಲೂಪ್ ಕಟ್ಟುವವರೇ ಹೆಚ್ಚು, ಆಮೇಲೆ ಲೂಪ್ ಕೆಲಸಕ್ಕೆ ಬಾರದ್ದು ಅಂತ ಮೂಲೆಗೆ ಹಾಕುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ, ಯಾಕೆಂದರೆ ಜಾಗ ಇಲ್ಲದವರಿಗೆ ಇದರಷ್ಟು ಒಳ್ಳೆಯ ಆಂಟೆನಾ ಇನ್ನೊಂದಿಲ್ಲ.


ಕುಡ್ಲ_ಕ್ಯೂಆರ್‌ಪಿ, ಮಂಗಳೂರು
ಭಾನುವಾರ ಮಧ್ಯಾಹ್ನ 2:10

ಗ್ಯಾಂಗ್ ವಿಷಯಕ್ಕೆ ನಾನು ಹೇಳುತ್ತೇನೆ. ವ್ಯಾಕ್ಯೂಮ್ ವೇರಿಯಬಲ್ ಕೆಪಾಸಿಟರ್ ಸಿಕ್ಕಿದರೆ ಅದೇ ರಾಜ. ಸೋವಿಯತ್ ಕಾಲದವು ಇನ್ನೂ ಆನ್‌ಲೈನ್‌ನಲ್ಲಿ ಬರುತ್ತವೆ, ಆದ್ರೆ 5 ವ್ಯಾಟ್‌ಗೆ ಅಷ್ಟು ಖರ್ಚು ಬೇಡ. ಹಳೆಯ ವಾಲ್ವ್ ರೇಡಿಯೊದ ಎರಡು ಸೆಕ್ಷನ್ ಗ್ಯಾಂಗ್ ಹುಡುಕಿ. ಎಸ್‌ಪಿ ರೋಡ್ ಕಡೆ ಹಳೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ, ಇಲ್ಲವೇ ಯಾರ ಮನೆಯ ಅಟ್ಟದ ಮೇಲಾದರೂ ಕೆಟ್ಟ ರೇಡಿಯೊ ಇದ್ದೇ ಇರುತ್ತದೆ. ಕೆಟ್ಟಿದ್ದನ್ನೇ ತೆಗೆದುಕೊಳ್ಳಿ, ನಡೆಯುವ ವಾಲ್ವ್ ರೇಡಿಯೊ ಬಿಚ್ಚಬೇಡಿ ದಯವಿಟ್ಟು.

ಒಂದೊಂದು ಸೆಕ್ಷನ್ 500 ಪಿಕೊಫ್ಯಾರಡ್ ಹತ್ತಿರ ಇರುತ್ತದೆ. ಪೈಪಿನ ಒಂದು ತುದಿ ಒಂದು ಸ್ಟೇಟರ್‌ಗೆ (ಅಲುಗದ ಪ್ಲೇಟ್‌ಗಳು), ಇನ್ನೊಂದು ತುದಿ ಇನ್ನೊಂದು ಸ್ಟೇಟರ್‌ಗೆ. ರೋಟರ್‌ಗೆ (ತಿರುಗುವ ಪ್ಲೇಟ್‌ಗಳು) ಏನೂ ಜೋಡಿಸಬೇಡಿ. ಎರಡೂ ಸೆಕ್ಷನ್ ಸೀರೀಸ್ ಆಗಿ 250 ಪಿಕೊಫ್ಯಾರಡ್ ಸಿಗುತ್ತದೆ, ನಿಮಗೆ 7.030ಕ್ಕೆ ಬೇಕಾದದ್ದು 190. ಪ್ಲೇಟ್‌ಗಳ ನಡುವಿನ ಅಂತರ ಅರ್ಧ ಮಿಲಿಮೀಟರ್‌ಗೂ ಕಡಿಮೆ, ಆದ್ರೆ ವೋಲ್ಟೇಜ್ ಎರಡು ಸೆಕ್ಷನ್‌ಗೆ ಹಂಚಿಹೋಗುತ್ತದೆ. ಇನ್ನೂ ಮುಖ್ಯವಾದ ಲಾಭ ಅಂದ್ರೆ ಕರೆಂಟ್ ರೋಟರ್‌ನ ಉಜ್ಜುವ ಪಟ್ಟಿಯ ಮೂಲಕ ಹೋಗಬೇಕಾಗಿಲ್ಲ. ಆ ಪಟ್ಟಿಯೇ ಗ್ಯಾಂಗ್‌ನಲ್ಲಿ ದೊಡ್ಡ ಕಳ್ಳ.

ಪೈಪಿನ ತುದಿಯಿಂದ ಸ್ಟೇಟರ್‌ಗೆ ಅಗಲ ತಾಮ್ರದ ಪಟ್ಟಿ ಹಾಕಿ, ಎಷ್ಟು ಗಿಡ್ಡ ಆಗುತ್ತೋ ಅಷ್ಟು. ಪೈಪಿನ ಕಡೆ ಎಸಿ ಮೆಕ್ಯಾನಿಕ್ ಹತ್ತಿರ ಬ್ರೇಜಿಂಗ್ ಮಾಡಿಸಿ, ಅವರಿಗದು ದಿನನಿತ್ಯದ ಕೆಲಸ. ಗ್ಯಾಂಗ್ ಹತ್ತಿರ ಮಾತ್ರ ಜ್ವಾಲೆ ತರಬೇಡಿ, ಅಲ್ಲಿ ದೊಡ್ಡ ಸೋಲ್ಡರಿಂಗ್ ಐರನ್ ಸಾಕು. ನಮ್ಮ ಕರಾವಳಿಯಲ್ಲಂತೂ ಬೋಲ್ಟ್ ಜಾಯಿಂಟ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಹಿಡಿಯುತ್ತದೆ, ಲೂಪ್‌ನ ಅಗಲ ತಿಂಗಳು ತಿಂಗಳಿಗೂ ಹಿಗ್ಗುತ್ತಾ ಹೋಗುತ್ತದೆ. ಬೆಸುಗೆ ಹಾಕಿ ಮೇಲೆ ವಾರ್ನಿಷ್ ಬಳಿದರೆ ಆ ಚಿಂತೆ ಇಲ್ಲ.


ಎಡಿಸನ್_ಕನ್ನಡಿಗ, ನ್ಯೂಜೆರ್ಸಿ
ಭಾನುವಾರ ಸಂಜೆ 6:35

ಇಲ್ಲೂ ಇದೇ ಕಥೆ, ಕಾಂಡೋ ಅಸೋಸಿಯೇಶನ್‌ಗಳು ಹೊರಗೆ ಆಂಟೆನಾ ಕಂಡರೆ ಒಪ್ಪುವುದಿಲ್ಲ. ಹಾಗಾಗಿ ಬಹಳ ಜನ ಲೂಪ್‌ಗೆ ಬರುತ್ತಾರೆ.

ಗ್ಯಾಂಗ್ ಬದಲಿಸಿದ ಮೇಲೆ ನಿಮಗೆ ಎರಡು ಹೊಸ ತೊಂದರೆ ಎದುರಾಗುತ್ತವೆ, ಈಗಲೇ ಹೇಳಿಬಿಡುತ್ತೇನೆ. ಮೊದಲನೆಯದು, ನ್ಯಾನೊವಿಎನ್‌ಎಯಲ್ಲಿ ಡಿಪ್ (ಎಸ್‌ಡಬ್ಲ್ಯೂಆರ್ ತಗ್ಗುವ ಜಾಗ) ಕಾಣಿಸುವುದೇ ಇಲ್ಲ. ಅದರ ಮೂಲ ಮಾದರಿ ಒಂದು ಸ್ವೀಪ್‌ನಲ್ಲಿ 101 ಬಿಂದು ಮಾತ್ರ ಅಳೆಯುತ್ತದೆ. 1 ರಿಂದ 30 ಮೆಗಾಹರ್ಟ್ಸ್ ಸ್ವೀಪ್ ಹಾಕಿದರೆ ಎರಡು ಬಿಂದುಗಳ ನಡುವೆ 290 ಕಿಲೋಹರ್ಟ್ಸ್. ನಿಮ್ಮ ಲೂಪ್ 10 ಕಿಲೋಹರ್ಟ್ಸ್ ಅಗಲ ಇದ್ದರೆ ಡಿಪ್ ಆ ಸಂದಿಯಲ್ಲಿ ಅಡಗಿ ಕೂರುತ್ತದೆ. ಲೂಪ್ ಸತ್ತಿದೆ ಅಂದುಕೊಳ್ಳಬೇಡಿ. ಮೊದಲು ರಿಸೀವರ್ ಜೋಡಿಸಿ, 7.030ಕ್ಕೆ ಇಟ್ಟು ಗ್ಯಾಂಗ್ ನಿಧಾನಕ್ಕೆ ತಿರುಗಿಸಿ. ಒಂದು ಜಾಗದಲ್ಲಿ ನಾಯ್ಸ್ ಭಗ್ಗನೆ ಏರುತ್ತದೆ. ಅಲ್ಲಿ ಬಿಟ್ಟು, ಆಮೇಲೆ ವಿಎನ್‌ಎ ಹಾಕಿ 200 ಕಿಲೋಹರ್ಟ್ಸ್ ಸ್ಪ್ಯಾನ್‌ನಲ್ಲಿ ನೋಡಿ. ಕಿವಿಯೇ ಮೊದಲ ಮೀಟರ್.

ಎರಡನೆಯದು, ಕೈಯಲ್ಲಿ ತಿರುಗಿಸಲು ಆಗುವುದಿಲ್ಲ. 250 ಪಿಕೊಫ್ಯಾರಡ್ ಅರ್ಧ ಸುತ್ತಿನಲ್ಲಿ ಹರಡಿದೆ ಅಂದ್ರೆ ಒಂದು ಡಿಗ್ರಿಗೆ 1.4 ಪಿಕೊಫ್ಯಾರಡ್. 7 ಮೆಗಾಹರ್ಟ್ಸ್‌ನಲ್ಲಿ 5 ಕಿಲೋಹರ್ಟ್ಸ್ ಸರಿಯಲು ಬೇಕಾದದ್ದು ಬರೀ 0.27 ಪಿಕೊಫ್ಯಾರಡ್. ಡಿಗ್ರಿಯ ಐದನೇ ಒಂದು ಭಾಗ! ರಿಡಕ್ಷನ್ ಡ್ರೈವ್ ಬೇಕೇ ಬೇಕು. ನಾನು ಸ್ಟೆಪರ್ ಮೋಟಾರ್, ಗೇರ್, ಆರ್ಡುಯಿನೊ ಹಾಕಿ ಕೋಣೆಯಿಂದಲೇ ತಿರುಗಿಸುತ್ತೇನೆ. ಅದು ಬೇಡ ಅಂದ್ರೆ ಮುಖ್ಯ ಗ್ಯಾಂಗ್‌ಗೆ ಪ್ಯಾರಲಲ್ ಆಗಿ 10 ಪಿಕೊಫ್ಯಾರಡ್‌ನ ಸಣ್ಣ ಏರ್ ವೇರಿಯಬಲ್ ಹಾಕಿ. ಅದರ ಪೂರ್ತಿ ತಿರುವಿಗೆ 180 ಕಿಲೋಹರ್ಟ್ಸ್ ಚಿಲ್ಲರೆ ಸಿಗುತ್ತದೆ, ಭಾರತದ 40 ಮೀಟರ್ ಬ್ಯಾಂಡ್ ಬಹುಪಾಲು ಬಂದ ಹಾಗೇ. ಅದಕ್ಕೂ ಅಷ್ಟೇ ವೋಲ್ಟೇಜ್ ಬೀಳುತ್ತದೆ, ಪ್ಲೇಟ್ ಅಂತರ ನೋಡಿಕೊಂಡು ಆರಿಸಿ.

ಶಾಫ್ಟ್‌ಗೆ ಒಂದು ಅಡಿ ಪ್ಲಾಸ್ಟಿಕ್ ಕಡ್ಡಿ ಕಡ್ಡಾಯ. ಕೈ ಹತ್ತಿರ ಬಂದರೆ ಫ್ರೀಕ್ವೆನ್ಸಿ ಓಡುತ್ತದೆ.


ಹೊಸಬ_ತುಮಕೂರು
ಭಾನುವಾರ ರಾತ್ರಿ 8:00

ಇಷ್ಟೆಲ್ಲ ಯಾಕೆ, ರಿಗ್ ಹತ್ತಿರ ಒಂದು ಆಂಟೆನಾ ಟ್ಯೂನರ್ ಇಟ್ಟರೆ ಅದೇ ಸರಿ ಮಾಡಲ್ವಾ?


ಮಲೆನಾಡ_ಮೋರ್ಸ್
ಭಾನುವಾರ ರಾತ್ರಿ 8:40

ಮಾಡುವುದಿಲ್ಲ. ಟ್ಯೂನರ್ ರಿಗ್‌ಗೆ ಮಾತ್ರ 50 ಓಮ್ ತೋರಿಸುತ್ತದೆ. ಲೂಪ್ ರೆಸೊನೆನ್ಸ್‌ನಿಂದ (ಗ್ಯಾಂಗ್ ಕೂರಿಸಿದ ಫ್ರೀಕ್ವೆನ್ಸಿಯಿಂದ) 20 ಕಿಲೋಹರ್ಟ್ಸ್ ಆಚೆ ಇದ್ದರೆ ಪೈಪಿನಲ್ಲಿ ಕರೆಂಟ್ ಏರುವುದೇ ಇಲ್ಲ, ಪವರ್ ಟ್ಯೂನರ್‌ನ ಕಾಯಿಲ್‌ನಲ್ಲೂ ಕೋಆಕ್ಸ್‌ನಲ್ಲೂ ಮುಗಿಯುತ್ತದೆ. ಲೂಪ್ ಬಳಸುವಾಗ ರಿಗ್‌ನ ಒಳಗೆ ಆಟೋ ಟ್ಯೂನರ್ ಇದ್ದರೆ ಅದನ್ನು ಆಫ್ ಮಾಡಿಡಿ.

ಅದರ ಬದಲು ರೆಸಿಸ್ಟಿವ್ ಎಸ್‌ಡಬ್ಲ್ಯೂಆರ್ ಬ್ರಿಜ್ ಒಂದು ಕಟ್ಟಿಕೊಳ್ಳಿ. ಮೂರು 50 ಓಮ್ ರೆಸಿಸ್ಟರ್, ಒಂದು ಸಣ್ಣ ಟೊರಾಯ್ಡ್ (ಫೆರೈಟ್ ಬಳೆ), ಒಂದು ಎಲ್‌ಇಡಿ, ಒಂದು ಸ್ವಿಚ್. ಟ್ಯೂನ್ ಮಾಡುವಾಗ ಲೂಪ್ ಎಷ್ಟೇ ಕೆಟ್ಟದಾಗಿದ್ದರೂ ರಿಗ್‌ಗೆ ಕಾಣುವ ಎಸ್‌ಡಬ್ಲ್ಯೂಆರ್ 2:1 ದಾಟುವುದಿಲ್ಲ, ಫೈನಲ್ ಟ್ರಾನ್ಸಿಸ್ಟರ್ ಉಳಿಯುತ್ತದೆ. ಮ್ಯಾಚ್ ಆದಾಗ ಎಲ್‌ಇಡಿ ಆರುತ್ತದೆ. ಟ್ಯೂನಿಂಗ್ ಸಮಯದಲ್ಲಿ ಲೂಪ್‌ಗೆ ಹೋಗುವುದು ಕಾಲು ಭಾಗ ಪವರ್, 5 ವ್ಯಾಟ್‌ಗೆ 1.25 ವ್ಯಾಟ್. ಬ್ಯಾಂಡ್‌ನಲ್ಲಿರುವ ಬೇರೆಯವರಿಗೂ ತೊಂದರೆ ಕಡಿಮೆ. ಟ್ಯೂನ್ ಆದ ಮೇಲೆ ಸ್ವಿಚ್ ಹಾಕಿ ಬ್ರಿಜ್ ಅನ್ನು ದಾರಿಯಿಂದ ತೆಗೆಯುವುದು ಮರೆಯಬೇಡಿ.


ಬಾಲ್ಕನಿ_ತರಂಗ
ಮುಂದಿನ ಶನಿವಾರ ಸಂಜೆ 5:30

ಪರಿಚಯದವರೊಬ್ಬರು ವಾಲ್ವ್ ರೇಡಿಯೊದ ಗ್ಯಾಂಗ್ ಕೊಟ್ಟರು. ಕುಡ್ಲದವರು ಹೇಳಿದ ಹಾಗೇ ಸೀರೀಸ್‌ನಲ್ಲಿ ಜೋಡಿಸಿದೆ. ತಾಮ್ರದ ಪಟ್ಟಿ ಹಾಕಿ ಪೈಪಿಗೆ ಬ್ರೇಜ್ ಮಾಡಿಸಿದೆ. ನಾಯ್ಸ್ ಪೀಕ್ ನಿಜಕ್ಕೂ ಭಗ್ಗನೆ ಬರುತ್ತದೆ, ಮೊದಲು ಹೀಗಿರಲಿಲ್ಲ.

ಆದ್ರೆ ಎಸ್‌ಡಬ್ಲ್ಯೂಆರ್ ಹಾಳಾಗಿದೆ! 1.2 ಇದ್ದದ್ದು ಈಗ 3 ದಾಟಿದೆ. ಗ್ಯಾಂಗ್ ಹೇಗೆ ತಿರುಗಿಸಿದರೂ ಕೆಳಗೆ ಬರುತ್ತಿಲ್ಲ. ಹಳೆಯದೇ ವಾಸಿ ಇತ್ತಾ?


ಮಲೆನಾಡ_ಮೋರ್ಸ್
ಮುಂದಿನ ಶನಿವಾರ ಸಂಜೆ 7:15

ಇಲ್ಲ ಇಲ್ಲ, ಇದು ಸಂತೋಷದ ಸುದ್ದಿ. ಹಳೆಯದಕ್ಕೆ ವಾಪಸ್ ಹೋಗಬೇಡಿ.

ಕಪ್ಲಿಂಗ್ ಲೂಪ್‌ನ ಕಡೆಯಿಂದ ನೋಡಿದಾಗ ಕಾಣುವ ಇಂಪಿಡೆನ್ಸ್, ದೊಡ್ಡ ಲೂಪ್‌ನ ರೆಸಿಸ್ಟೆನ್ಸ್‌ಗೆ ತಲೆಕೆಳಗು. ಒಳಗಿನ ನಷ್ಟ ಇಳಿದರೆ ಹೊರಗೆ ಕಾಣುವ ಓಮ್ ಏರುತ್ತದೆ. ಹಳೆಯ ಅರ್ಧ ಓಮ್‌ಗೆ ನಿಮ್ಮ 20 ಸೆಂಟಿಮೀಟರ್ ರಿಂಗು ಸರಿಯಾಗಿ ಹೊಂದಿತ್ತು. ಈಗ ರೆಸಿಸ್ಟೆನ್ಸ್ ಮೂರನೇ ಒಂದು ಭಾಗಕ್ಕೆ ಇಳಿದಿದ್ದರೆ ಅದೇ ರಿಂಗಿನಲ್ಲಿ 150 ಓಮ್ ಕಾಣುತ್ತದೆ, ಎಸ್‌ಡಬ್ಲ್ಯೂಆರ್ 3. ಅಂದ್ರೆ ಕಪ್ಲಿಂಗ್ ಅತಿಯಾಗಿದೆ, ಅಷ್ಟೇ. ಐದನೇ ಒಂದು ಭಾಗ ಅನ್ನುವುದು ಶುರು ಮಾಡಲು ಒಂದು ಅಂದಾಜು ಮಾತ್ರ, ಅದನ್ನು ನಿಯಮ ಅಂತ ಹಿಡಿದುಕೊಳ್ಳಬಾರದು. ಯಾರಿಗಾದರೂ ಮ್ಯಾಚ್ ಮಾಡಲು ತುಂಬಾ ದೊಡ್ಡ ರಿಂಗು ಬೇಕಾಯಿತು ಅಂದ್ರೆ ಅವರ ಲೂಪ್‌ನಲ್ಲಿ ನಷ್ಟ ಜಾಸ್ತಿ ಇದೆ ಅಂತ ನಾನು ಮೊದಲು ಅನುಮಾನಪಡುತ್ತೇನೆ.

ಈಗ ಮಾಡಬೇಕಾದದ್ದು: ವಿಎನ್‌ಎಯಲ್ಲಿ ಸ್ಮಿತ್ ಚಾರ್ಟ್ (ಇಂಪಿಡೆನ್ಸ್ ತೋರಿಸುವ ದುಂಡು ನಕ್ಷೆ) ತೆರೆಯಿರಿ. ಲೂಪ್ ಒಂದು ವೃತ್ತ ಬರೆಯುತ್ತದೆ. ವೃತ್ತ ದೊಡ್ಡದಾಗಿ ಚಾರ್ಟ್‌ನ ನಡುಬಿಂದುವನ್ನು ಒಳಗೆ ಹಾಕಿಕೊಂಡಿದ್ದರೆ ಕಪ್ಲಿಂಗ್ ಹೆಚ್ಚು. ನಡುಬಿಂದುವಿನ ತನಕ ತಲುಪದೆ ಸಣ್ಣದಾಗಿದ್ದರೆ ಕಡಿಮೆ. ವೃತ್ತದ ಗೆರೆ ನಡುಬಿಂದುವನ್ನು ಮುಟ್ಟಿ ಹೋಗಬೇಕು. ರಿಂಗನ್ನು ಪೈಪಿನಿಂದ ಸ್ವಲ್ಪ ಮೇಲಕ್ಕೆ ಎಳೆಯಿರಿ, ಇಲ್ಲವೇ ಬಾಗಿಲು ತೆರೆದ ಹಾಗೆ ಲೂಪ್‌ನ ಸಮತಲದಿಂದ ಓರೆಯಾಗಿ ತಿರುಗಿಸಿ, ಇಲ್ಲವೇ ಒತ್ತಿ ಮೊಟ್ಟೆಯಾಕಾರ ಮಾಡಿ. ಏನು ಮಾಡಿದರೂ ಗ್ಯಾಂಗ್ ಸ್ವಲ್ಪ ಸರಿಪಡಿಸಬೇಕಾಗುತ್ತದೆ, ಎರಡನ್ನೂ ಸರದಿಯಂತೆ ಮಾಡುತ್ತಾ ಹೋಗಿ.

ಇನ್ನೊಂದು ಪರೀಕ್ಷೆ. ಮ್ಯಾಚ್ ಆದ ಮೇಲೆ ಕೋಆಕ್ಸ್ ಕೇಬಲ್ ಮುಟ್ಟಿ ನೋಡಿ. ರೀಡಿಂಗ್ ಅಲುಗಾಡಿದರೆ ಕೇಬಲ್‌ನ ಹೊರಮೈಯಲ್ಲಿ ಆರ್‌ಎಫ್ ಹರಿಯುತ್ತಿದೆ, ಅದೂ ಆಂಟೆನಾದ ಭಾಗವಾಗಿಬಿಟ್ಟಿದೆ. ರಿಂಗಿನ ಬುಡದಲ್ಲಿ ಕೇಬಲನ್ನು ಫೆರೈಟ್ ಟೊರಾಯ್ಡ್ ಮೇಲೆ ಹಲವು ಸುತ್ತು ಸುತ್ತಿ ಚೋಕ್ ಮಾಡಿ. ಇಲ್ಲದಿದ್ದರೆ ನೀವು ಅಳೆಯುವ ಅಗಲ ಲೂಪ್‌ನದ್ದೋ ಕೇಬಲ್‌ನದ್ದೋ ಗೊತ್ತಾಗುವುದಿಲ್ಲ.


ಲ್ಯಾಬ್_ಮೇಷ್ಟ್ರು
ಮುಂದಿನ ಶನಿವಾರ ರಾತ್ರಿ 9:00

ಗ್ರಿಲ್ ಕಡೆಗೂ ಗಮನ ಕೊಡಿ. ಗ್ರಿಲ್‌ನ ಒಂದೊಂದು ಚೌಕವೂ ಶಾರ್ಟ್ ಆದ ಒಂದು ಸುತ್ತು ಇದ್ದ ಹಾಗೆ. ಲೂಪ್ ಅದಕ್ಕೆ ಸಮಾನಾಂತರವಾಗಿ ನಿಂತರೆ ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಯಂತೆ ಅದರಲ್ಲಿ ಕರೆಂಟ್ ಹುಟ್ಟುತ್ತದೆ. ಕಬ್ಬಿಣ ಬೇರೆ, ನಷ್ಟ ಜಾಸ್ತಿ. ಲೂಪ್ ಅನ್ನು ಒಳಗೆ ಎಳೆದು ಗ್ರಿಲ್‌ಗೆ ಲಂಬವಾಗಿ ತಿರುಗಿಸಿ. ಇದರಲ್ಲಿ ಇನ್ನೂ ಒಂದು ಲಾಭ ಇದೆ. ನೆಟ್ಟಗೆ ನಿಂತ ಲೂಪ್ ಹೊರಸೂಸುವುದು ತನ್ನ ಸಮತಲದ ದಿಕ್ಕಿನಲ್ಲಿ, ಅಂಚಿನ ಕಡೆಗೆ. ಮುಖದ ಕಡೆಗೆ ಅಲ್ಲ. ಬಾಲ್ಕನಿಗೆ ಸಮಾನಾಂತರ ಇಟ್ಟರೆ ಎರಡೂ ಬದಿಯ ಗೋಡೆಗೆ ಹೊಡೆಯುತ್ತಿರುತ್ತೀರಿ, ಹೊರಗಿನ ಆಕಾಶಕ್ಕಲ್ಲ.


ಎಡಿಸನ್_ಕನ್ನಡಿಗ
ಮುಂದಿನ ಶನಿವಾರ ರಾತ್ರಿ 9:50

ಲೂಪ್ ಮ್ಯಾಗ್ನೆಟಿಕ್ ಆದ್ದರಿಂದ ಮನೆಯ ನಾಯ್ಸ್ ತಾನಾಗಿ ಕಡಿಮೆ ಆಗುತ್ತದೆ, ಅದೂ ಸೇರಿಸಿ ಹೇಳಿ.


ಲ್ಯಾಬ್_ಮೇಷ್ಟ್ರು
ಮುಂದಿನ ಶನಿವಾರ ರಾತ್ರಿ 10:20

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎಲ್‌ಇಡಿ ಬಲ್ಬಿನ ಡ್ರೈವರ್, ಮೊಬೈಲ್ ಚಾರ್ಜರ್, ಇನ್ವರ್ಟರ್, ಇವುಗಳ ವೈರಿನಲ್ಲಿ ಕರೆಂಟ್ ಹರಿಯುವಾಗ ಮ್ಯಾಗ್ನೆಟಿಕ್ ಫೀಲ್ಡ್ ಕೂಡ ಹುಟ್ಟುತ್ತದೆ. ಗೋಡೆಯೊಳಗಿನ ವೈರಿಂಗ್ ಪಕ್ಕ ಲೂಪ್ ಇಟ್ಟರೆ ಅದೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ. ಲೂಪ್ ಸಹಾಯ ಮಾಡುವುದು ಬೇರೆ ಕಾರಣಗಳಿಗೆ. ಅದರ ಎರಡು ಮುಖಗಳ ಕಡೆ ಆಳವಾದ ನಲ್ (ಬಹುತೇಕ ಏನೂ ಕೇಳಿಸದ ದಿಕ್ಕು) ಇದೆ. ಒಂದೇ ಕಡೆಯಿಂದ ಬರುವ ನಾಯ್ಸ್ ಇದ್ದರೆ ಲೂಪ್ ತಿರುಗಿಸಿ ಅದನ್ನು ಆ ನಲ್‌ಗೆ ಹಾಕಬಹುದು. ಮೇಲಾಗಿ ಇಷ್ಟು ಕಿರಿದಾದ ಆಂಟೆನಾ ತಾನೇ ಒಂದು ಫಿಲ್ಟರ್, ಪಕ್ಕದ ಬ್ಯಾಂಡ್‌ನ ಬಲವಾದ ಬ್ರಾಡ್‌ಕಾಸ್ಟ್ ಸ್ಟೇಷನ್‌ಗಳು ರಿಸೀವರ್‌ಗೆ ನುಗ್ಗುವುದಿಲ್ಲ. ಮೈಕ್ರೋಬಿಟ್‌ಎಕ್ಸ್‌ನಂಥ ಸರಳ ರಿಗ್‌ಗೆ ಅದು ದೊಡ್ಡ ಉಪಕಾರ.


ಎಡಿಸನ್_ಕನ್ನಡಿಗ
ಮುಂದಿನ ಶನಿವಾರ ರಾತ್ರಿ 10:45

ತಿರುಗಿಸಿದಾಗ ಕಡಿಮೆ ಆಗುತ್ತದೆ ಅನ್ನುವುದು ನನ್ನ ಅನುಭವವೂ ಹೌದು, ಹಾಗಾದ್ರೆ ಕಾರಣ ಅದೇ ಇರಬೇಕು. ಒಪ್ಪಿದೆ.

ಸುರಕ್ಷತೆ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿ ಎಫ್‌ಸಿಸಿಯ (ಅಮೆರಿಕದ ಸಂವಹನ ಆಯೋಗ) ಬದಲಾದ ನಿಯಮ 2021ರಲ್ಲಿ ಜಾರಿಗೆ ಬಂತು, ಹ್ಯಾಮ್‌ಗಳಿಗೆ ಮೊದಲಿದ್ದ ವಿಶೇಷ ವಿನಾಯಿತಿ ಹೋಗಿ ತಮ್ಮ ಸ್ಟೇಷನ್‌ನ ಆರ್‌ಎಫ್ ಎಕ್ಸ್‌ಪೋಶರ್ (ಮೈಗೆ ಬೀಳುವ ರೇಡಿಯೊ ಶಕ್ತಿ) ನೋಡಿಕೊಳ್ಳಬೇಕಾಯಿತು. ಆಗ ಲೂಪ್‌ಗೆ ಲೆಕ್ಕ ಹಾಕಿದಾಗ ತಿಳಿಯಿತು, 5 ವ್ಯಾಟ್ ಅಂತ ಹಗುರವಾಗಿ ತೆಗೆದುಕೊಳ್ಳಬಾರದು. ಚೆನ್ನಾಗಿ ಮಾಡಿದ ಲೂಪ್‌ನಲ್ಲಿ 5 ರಿಂದ 7 ಆಂಪಿಯರ್ ಆರ್‌ಎಫ್ ಹರಿಯುತ್ತದೆ. ಟ್ರಾನ್ಸ್‌ಮಿಟ್ ಮಾಡುವಾಗ 2 ಮೀಟರ್ ದೂರ ಇರಿ, ಮಕ್ಕಳನ್ನೂ ದೂರ ಇಡಿ. ಪಕ್ಕದ ಮನೆಯ ಮಂಚ ಗೋಡೆಯ ಆಚೆ ಇದೆಯಾ ಅಂತಲೂ ಯೋಚಿಸಿ. ಗ್ಯಾಂಗ್ ಹತ್ತಿರ ಬೆರಳಿಟ್ಟರೆ ಆರ್‌ಎಫ್ ಸುಡುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ.


ಬಾಲ್ಕನಿ_ತರಂಗ
ಭಾನುವಾರ ರಾತ್ರಿ 9:30

ಎಲ್ಲರಿಗೂ ವರದಿ ಒಪ್ಪಿಸುತ್ತೇನೆ.

ರಿಂಗನ್ನು ಮೇಲಕ್ಕೆ ಎಳೆದು ಸ್ವಲ್ಪ ಓರೆ ಮಾಡಿದೆ, ಸ್ಮಿತ್ ಚಾರ್ಟ್‌ನ ವೃತ್ತ ನಡುಬಿಂದುವಿಗೆ ಬಂದು ಕೂತಿತು. ಎಸ್‌ಡಬ್ಲ್ಯೂಆರ್ 1.1. ಆಗ 2.6ರ ಅಗಲ ಅಳೆದರೆ 9 ಕಿಲೋಹರ್ಟ್ಸ್. ಲೂಪ್ ಅನ್ನು ಪಿವಿಸಿ ಸ್ಟ್ಯಾಂಡ್ ಮೇಲೆ ಗ್ರಿಲ್‌ನಿಂದ ಒಂದು ಮೀಟರ್‌ಗೂ ಹೆಚ್ಚು ಒಳಗೆ ತಂದು ಲಂಬವಾಗಿ ತಿರುಗಿಸಿ, ಮತ್ತೆ ಮ್ಯಾಚ್ ಮಾಡಿ ಅಳೆದೆ. 7 ಕಿಲೋಹರ್ಟ್ಸ್! ಮೇಷ್ಟ್ರ ಲೆಕ್ಕದಲ್ಲಿ ಕ್ಯೂ 1000, ಒಟ್ಟು ರೆಸಿಸ್ಟೆನ್ಸ್ 0.12 ಓಮ್, ಹೊರಗೆ ಹೋಗುವ ಪವರ್ ಸುಮಾರು 250 ಮಿಲಿವ್ಯಾಟ್. ಮೊದಲಿನ ನಾಲ್ಕು ಪಟ್ಟಿಗೂ ಜಾಸ್ತಿ. ರಿಗ್ ಅದೇ, ಪೈಪು ಅದೇ.

ಆಮೇಲೆ ಗ್ಯಾಂಗ್‌ನ ಪ್ಲೇಟ್‌ಗಳು ಹೊರಬರುವ ಹಾಗೆ ತಿರುಗಿಸಿ 14.060ಕ್ಕೆ ಹೋದೆ. ಅಲ್ಲಿ ಮ್ಯಾಚ್ ಆದ ಮೇಲೆ ಅಗಲ 14 ಕಿಲೋಹರ್ಟ್ಸ್ ಬಂತು. ಸಿಕ್ಯೂ ಕರೆದೆ, ಸ್ಕಿಮ್ಮರ್‌ಗಳು ಹಿಡಿದವು. ದೂರದವೂ ಇದ್ದವು. ನನ್ನ ಕಾಲ್‌ಸೈನ್ ಪರದೆ ಮೇಲೆ ನೋಡಿ ಆದ ಖುಷಿ ಹೇಳಲಾರೆ. 40ರಲ್ಲಿ ಹಗಲು ಹೊತ್ತು ಕೊಯಮತ್ತೂರು ಕಡೆಯ ಒಬ್ಬರು ಉತ್ತರ ಕೊಟ್ಟರು, 339 ರಿಪೋರ್ಟ್ (ಅಂದ್ರೆ ದುರ್ಬಲ ಸಿಗ್ನಲ್), ಆದ್ರೂ ಪೂರ್ತಿ ಕ್ಯೂಎಸ್‌ಒ (ಎರಡೂ ಕಡೆಯ ಮಾತುಕತೆ) ಆಯಿತು.

ಒಂದು ಗಮನಿಸಿದ್ದು: ಮಧ್ಯಾಹ್ನ ಬಿಸಿಲು ಪೈಪಿಗೆ ಬಿದ್ದಾಗ ಡಿಪ್ ತಾನಾಗಿ ಸರಿಯುತ್ತದೆ. ಇದು ಸಹಜವೇ?


ಕುಡ್ಲ_ಕ್ಯೂಆರ್‌ಪಿ
ಭಾನುವಾರ ರಾತ್ರಿ 9:55

ಅಭಿನಂದನೆಗಳು! ಹೌದು, ಸಹಜ. ಪೈಪು ಹಿಗ್ಗುತ್ತದೆ, ಗ್ಯಾಂಗ್‌ನ ಪ್ಲೇಟ್‌ಗಳೂ ಹಿಗ್ಗುತ್ತವೆ. ಕ್ಯೂ 1000 ಇದ್ದಾಗ ಅದೂ ಕಾಣುತ್ತದೆ. ಮಳೆ ಹನಿ ಗ್ಯಾಂಗ್ ಮೇಲೆ ಬಿದ್ದರಂತೂ ಪೂರ್ತಿ ಓಡಿಹೋಗುತ್ತದೆ, ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಚ್ಚಿಡಿ. ಎಫ್‌ಟಿ8 (ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ಮೋಡ್) ಮಾಡುವವರಿಗೆ ಇದೊಂದು ಅನುಕೂಲ, 14.074ರಲ್ಲಿ ಕೂತರೆ 3 ಕಿಲೋಹರ್ಟ್ಸ್ ಒಳಗೇ ಎಲ್ಲ ನಡೆಯುತ್ತದೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಮುಟ್ಟಿದರೆ ಸಾಕು.

ರಿಗ್‌ನ ಪೂರ್ತಿ 10 ವ್ಯಾಟ್ ಮಾತ್ರ 20 ಮೀಟರ್ (14 ಮೆಗಾಹರ್ಟ್ಸ್) ಬ್ಯಾಂಡ್‌ನಲ್ಲಿ ಕೊಡಬೇಡಿ. 5 ವ್ಯಾಟ್‌ಗೇ ಅಲ್ಲಿ 1500 ವೋಲ್ಟ್ ಪೀಕ್ ಇದೆ, 10ಕ್ಕೆ 2200 ಹತ್ತಿರ ಹೋಗುತ್ತದೆ, ವಾಲ್ವ್ ರೇಡಿಯೊ ಗ್ಯಾಂಗ್ ತಡೆಯಲಿಕ್ಕಿಲ್ಲ.


ಬಾಲ್ಕನಿ_ತರಂಗ
ಭಾನುವಾರ ರಾತ್ರಿ 10:10

ಸರಿ, 5ರಲ್ಲೇ ಇರುತ್ತೇನೆ. 40 ಮೀಟರ್ ಇನ್ನೂ ಚೆನ್ನಾಗಿ ಆಗಬೇಕು ಅಂದ್ರೆ ಪೈಪು ದಪ್ಪ ಮಾಡಲಾ, ಎರಡು ಸುತ್ತು ಹಾಕಲಾ?


ಲ್ಯಾಬ್_ಮೇಷ್ಟ್ರು
ಭಾನುವಾರ ರಾತ್ರಿ 10:40

ದಪ್ಪ ಮಾಡಿದರೆ ಸಿಗುವುದು ಅಲ್ಪ. ಎರಡು ಸುತ್ತು ಹಾಕಿದರೆ ರೇಡಿಯೇಶನ್ ರೆಸಿಸ್ಟೆನ್ಸ್ ನಾಲ್ಕು ಪಟ್ಟು ಆಗುತ್ತದೆ, ಆದ್ರೆ ತಾಮ್ರದ ನಷ್ಟ ಎರಡು ಪಟ್ಟಿಗೂ ಮೀರುತ್ತದೆ, ವೋಲ್ಟೇಜ್ ಏರುತ್ತದೆ, 20 ಮೀಟರ್‌ಗೆ ಟ್ಯೂನ್ ಆಗುವುದು ಕಷ್ಟ. ವ್ಯಾಸ ಹೆಚ್ಚಿಸಿ. ವ್ಯಾಸ ಎರಡು ಪಟ್ಟಾದರೆ ರೇಡಿಯೇಶನ್ ರೆಸಿಸ್ಟೆನ್ಸ್ 16 ಪಟ್ಟು. 2 ಮೀಟರ್ ಲೂಪ್ 7 ಮೆಗಾಹರ್ಟ್ಸ್‌ನಲ್ಲಿ 0.093 ಓಮ್, ನಿಮ್ಮ 1 ಮೀಟರ್ ಲೂಪ್‌ಗೆ ಈಗ 14ರಲ್ಲಿ ಎಷ್ಟಿದೆಯೋ ಅಷ್ಟೇ. ಪೈಪಿನ ನಷ್ಟ ಮಾತ್ರ ಲೆಕ್ಕಕ್ಕೆ ಹಿಡಿದರೆ ಶೇಕಡಾ 50.

ಬಾಲ್ಕನಿಯಲ್ಲಿ 2 ಮೀಟರ್ ಹಿಡಿಸದಿದ್ದರೆ 1.5 ಮೀಟರ್ ಮಾಡಿ, ಆಗಲೂ ಶೇಕಡಾ 30ರ ತನಕ ಮಿತಿ ಇದೆ. ಈಗಿನ 1 ಮೀಟರ್‌ನಲ್ಲಿ ಆ ಮಿತಿಯೇ 11. ವೃತ್ತಾಕಾರವೇ ಬೇಕು ಅಂತಿಲ್ಲ, ಎಂಟು ಮೂಲೆಯದ್ದಾದರೂ ನಡೆಯುತ್ತದೆ, ಮೂಲೆಗಳನ್ನು ಬ್ರೇಜ್ ಮಾಡಿಸಿದರೆ ಸಾಕು. ಈಗಿನ ಗ್ಯಾಂಗೇ ಹೊಂದುತ್ತದೆ, ಕೆಪಾಸಿಟೆನ್ಸ್ ಕಡಿಮೆಯೇ ಬೇಕಾಗುವುದರಿಂದ ಮೇಲಿನ ಬ್ಯಾಂಡ್ ಕಡೆ ಎಲ್ಲಿಯ ತನಕ ಹೋಗುತ್ತದೆ ಅಂತ ಅಳೆದು ನೋಡಿ.


ಹೊಸಬ_ತುಮಕೂರು
ಸೋಮವಾರ ಬೆಳಿಗ್ಗೆ 7:20

ನಾನು ಕಾಲ್‌ಸೈನ್ ಬರುವ ತನಕ ಬರೀ ಕೇಳಲು ಒಂದು ಕಟ್ಟಿಕೊಳ್ಳಬಹುದಾ? ಬಳಿಯಲ್ಲಿ ಆ ಪ್ಲಾಸ್ಟಿಕ್ ಗ್ಯಾಂಗೇ ಇದೆ.


ಮಲೆನಾಡ_ಮೋರ್ಸ್
ಸೋಮವಾರ ಬೆಳಿಗ್ಗೆ 8:05

ಖಂಡಿತ. 7 ಮೆಗಾಹರ್ಟ್ಸ್‌ನಲ್ಲಿ ಕೇಳಲು ನಷ್ಟ ಅಷ್ಟು ಕಾಡುವುದಿಲ್ಲ. ಆಕಾಶದ ನಾಯ್ಸೇ ಜಾಸ್ತಿ ಇರುವುದರಿಂದ ಸಿಗ್ನಲ್ ಮತ್ತು ನಾಯ್ಸ್ ಎರಡೂ ಒಟ್ಟಿಗೆ ಇಳಿಯುತ್ತವೆ. ಬಾಲ್ಕನಿಯವರಿಗೆ ಮೊದಲಿನಿಂದಲೂ ಚೆನ್ನೈ ಕೇಳಿಸಿದ್ದು ಅದಕ್ಕೇ. ದಪ್ಪ ಕೋಆಕ್ಸ್‌ನ ಹೊರ ಬ್ರೇಡ್ ಬಳಸಿ ಮಾಡಿ, ಖರ್ಚು ಕಡಿಮೆ, ಮಡಚಿಡಲೂ ಬರುತ್ತದೆ. ಟ್ಯೂನಿಂಗ್ ಅಭ್ಯಾಸ ಆಗಲಿ. ಕಾಲ್‌ಸೈನ್ ಬಂದ ದಿನ ಇದೇ ಥ್ರೆಡ್‌ನಲ್ಲಿ ಅಗಲ ಎಷ್ಟು ಬಂತು ಅಂತ ಹಾಕಿ, ಅಲ್ಲಿಂದ ಮುಂದೆ ಗ್ಯಾಂಗ್ ಬದಲಿಸುವ ವಿಚಾರ ನೋಡೋಣ.